ಬೀಗರ ಮೀನು

ಹೊನ್ನಾಳಿಯಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಮನೆಯಿದ್ದ ಸೈದಾಬೀಗೆ ಒಂದು ಕಡೆ ಕೂತು ಗೊತ್ತಿಲ್ಲ. ಗಂಡ ಸುಬಾನಸಾಬ ಹತ್ತಿ ಹಿಂಜುವವನು. ಪಡಸಾಲೆಯಲ್ಲಿ ಹಿಂಜುವ ಬಿಲ್ಲು ತೂಗುಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಟುಂಯ್ ಟುಂಯ್ ಅಂತ ಬಾರಿಸುತ್ತ ಒಂದೇ ಭಂಗಿಯಲ್ಲಿ ಇದ್ದುಬಿಡುತ್ತಿದ್ದ. ಇವಳು ಅಷ್ಟರಲ್ಲಿ ಒಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಪಕ್ಕದ ಮನೆಗೆ ಸುತ್ತಿ ಬಂದಿರುತ್ತಿದ್ದಳು. ಊಟಕ್ಕೂ ಅರ್ಧ ಕುಂಡಿ ಊರಿ ಕೂರುವ ಹೆಂಗಸು. ಅಂಥವಳ ಮನೆಗೆ, ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಬೊಂಬಾಯಿಯಿಂದ ನಾಲ್ಕು ಬಂಗಾರದ ಮೀನು ಬಂದು ಸೇರಿದವು. ಆಮೇಲೆ ಆ ಅರ್ಧವೂ ಊರುವುದಕ್ಕೆ ಆಗಲಿಲ್ಲ.

ಮೀನು ತಂದವನು ಚಾಂದ್. ಚನ್ನಗಿರಿಯ ದಿಲ್‌ಶಾದ್ ಬೇಗಂ ಎಂಬಾಕೆಯ ಒಬ್ಬನೇ ಮಗ, ಸೈದಾಬೀಯ ಮಗಳು ನಜೀರಾಳಿಗೆ ಗೊತ್ತಾದ ಗಂಡು. ಬೊಂಬಾಯಿಯ ಮಾರ್ಕೆಟ್ಟಿನಲ್ಲಿ ಗಿಳಿ, ಪಾರಿವಾಳ, ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ನಿಶ್ಚಿತಾರ್ಥಕ್ಕೆ ಬರುವಾಗ ಎರಡು ಗಾಜಿನ ಪೆಟ್ಟಿಗೆ ತಂದ. ಒಂದು ತಾಯಿಗೆ, ಒಂದು ಹೆಣ್ಣಿನ ಮನೆಗೆ. ಮೀನುಗಳು ತೊಳೆದ ಸೀಮೆಎಣ್ಣೆಯ ಡಬ್ಬಿಯೊಳಗೆ ಕೂತು, ಹರಿಹರದವರೆಗೆ ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಯಾವ ಬೀಗರಿಗೂ ಕಮ್ಮಿಯಿಲ್ಲದ ಗತ್ತಿನಲ್ಲಿ ಬಂದಿಳಿದವು.

ಅವನ್ನು ಸಾಕುವುದು ಹೇಗೆ ಎಂದು ಚಾಂದ್ ಹೇಳಿದ್ದ. ಹೇಳಬೇಕಾದವರಿಗೆ ಹೇಳಲಿಲ್ಲ, ಅಷ್ಟೇ. ಮದುವೆಗೆ ಮುಂಚೆ ಅಳಿಯನಾಗುವವನು ಅತ್ತೆಯ ಮುಂದೆ ನಿಂತು ಮಾತಾಡುವ ರೂಢಿ ಇಲ್ಲ, ಹೆಣ್ಣಿನ ಹತ್ತಿರವಂತೂ ಕೇಳಲೇಬೇಡಿ. ಹಾಗಾಗಿ ಎಲ್ಲವನ್ನೂ ಸುಬಾನಸಾಬನ ಕಿವಿಗೆ ಹಾಕಿದ. ಸುಬಾನಸಾಬ ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು ಹೂಂ ಹೂಂ ಅಂದ. ಅವರೆಲ್ಲ ಹೋದ ಮೇಲೆ ಸೈದಾಬೀ ಕೇಳಿದಳು.

"ಏನಂದ್ನ್ರೀ ಹುಡುಗ?"

"ಏನೇನೋ ಹೇಳ್ದ. ಚೆನ್ನಾಗಿ ನೋಡ್ಕೊಳ್ರಿ ಅಂದ."

ಸೈದಾಬೀಯ ಎದೆಯಲ್ಲಿ ಕೂತದ್ದು ಮಗನ ಮಾತಲ್ಲ, ತಾಯಿಯದು. ದಿಲ್‌ಶಾದ್ ಬೇಗಂ ಬಸ್ಸು ಹತ್ತುವ ಮುಂಚೆ ತಿರುಗಿ, "ಇವು ನಮ್ಮನೆ ಮಕ್ಕಳಿದ್ದಂಗೆ ಕಣ್ರಿ. ನಿಮ್ಮನ್ಯಾಗೆ ಹೆಂಗಿರ್ತಾವೋ ನೋಡಾಣ" ಎಂದಿದ್ದಳು. ನಗುತ್ತಲೇ ಎಂದಿದ್ದಳು. ಆದರೆ ನಜೀರಾಳಿಗೆ ಹಿಂದೆ ಕೆರೆಬಿಳಚಿಯ ಒಂದು ಸಂಬಂಧ ಗೊತ್ತಾಗಿ, ಮದುವೆಯ ಬಟ್ಟೆ ತೆಗೆಯುವ ಹೊತ್ತಿಗೆ ಮುರಿದುಬಿದ್ದಿತ್ತು. ಆ ಬೀಗತಿಯೂ ನಗುತ್ತಲೇ ಹೋಗಿದ್ದಳು. ಯಾಕೆ ಮುರಿಯಿತು ಅಂತ ಅವರು ಹೇಳಲಿಲ್ಲ. ಹೇಳದೆ ಬಿಟ್ಟದ್ದನ್ನು ಊರವರು ತುಂಬಿಕೊಂಡರು. ಹುಡುಗಿಗೆ ಮೂರ್ಛೆ ರೋಗ ಅಂದರು, ಮೆಳ್ಳಗಣ್ಣು ಅಂದರು. ಇದೂ ಮುರಿದರೆ ಮೂರನೆಯವರು ಈ ಬೀದಿಗೆ ಕಾಲಿಡುವುದಿಲ್ಲ.

ಆದ್ದರಿಂದ ಮೀನುಗಳಿಗೆ ರಾಜೋಪಚಾರ ಶುರುವಾಯಿತು. ಪೆಟ್ಟಿಗೆಯನ್ನು ಬೀದಿಯ ಕಡೆಯ ಕಿಟಕಿಯಲ್ಲಿ ಇಟ್ಟರು. ಹೊಳೆಗೆ ಹೋಗುವ ಹೆಂಗಸರೆಲ್ಲ ಕೊಡ ಸೊಂಟಕ್ಕಿಟ್ಟುಕೊಂಡು ನಿಲ್ಲುವಂತಾಯಿತು. ಮಧ್ಯಾಹ್ನದ ಬಿಸಿಲು ಆ ಕಿಟಕಿಗೆ ನೇರವಾಗಿ ಬೀಳುತ್ತಿತ್ತು. ಬಿಸಿಲಿನಲ್ಲಿ ಮೀನು ಹೊರಳಿದರೆ ಅಕ್ಕಸಾಲಿಯ ಅಂಗಡಿಯ ಹಾಗೆ ಕಾಣುತ್ತಿತ್ತು. ಹೊಸ ಕೂಸನ್ನು ಬರಿಗೈಲಿ ನೋಡಬಾರದಲ್ಲ, ಹಾಗೆ ಈ ಮೀನನ್ನೂ ಬರಿಗೈಲಿ ನೋಡಬಾರದು ಎಂದು ಯಾರೋ ಶುರುಮಾಡಿದರು. ಒಬ್ಬಳು ಮಂಡಕ್ಕಿ ಹಾಕಿದಳು, ಇನ್ನೊಬ್ಬಳು ಪುಟಾಣಿ ಪುಡಿ, ಮತ್ತೊಬ್ಬಳು ರೊಟ್ಟಿಯ ಚೂರು. ಪಕ್ಕದ ಮನೆಯ ಗಾದ್ರಮ್ಮ ಒಂದು ದಿನ ಹೋಳಿಗೆಯ ಹೂರಣವನ್ನೇ ತಂದು ಉಂಡೆ ಕಟ್ಟಿ ಬಿಟ್ಟಳು. ಸೈದಾಬೀಗೆ ಹೆಮ್ಮೆಯೋ ಹೆಮ್ಮೆ. ಬೀಗರ ಕಡೆಯವರು ಈ ಮನೆಯಲ್ಲಿ ಹಸಿದು ಮಲಗಿದರು ಎಂದು ಯಾರೂ ಅನ್ನುವ ಹಾಗಿಲ್ಲ. ಯಾರೂ ಬಾರದ ಹೊತ್ತಿನಲ್ಲಿ ತಾನೇ ಎದ್ದುಹೋಗಿ ಒಂದು ಹಿಡಿ ಹಾಕಿ ಬರುತ್ತಿದ್ದಳು.

ನೀರು ಹಸಿರಾಯಿತು.

ಮೊದಮೊದಲು ಗಾಜಿನ ಮೂಲೆಯಲ್ಲಿ ತೆಳ್ಳಗೆ ಹಸಿರು ಕಂಡಿತು, ಆಮೇಲೆ ನೀರಿಗೇ ಇಳಿಯಿತು. ಸೊಪ್ಪು ಬೇಯಿಸಿದ ನೀರಿನ ಹಾಗೆ ಆಗಿ, ಮೀನು ಗಾಜಿನ ಹತ್ತಿರಕ್ಕೆ ಬಂದರೆ ಮಾತ್ರ ಕೆಂಪಗೆ ಏನೋ ಸುಳಿದಂತೆ ಕಾಣುತ್ತಿತ್ತು. ಹೊಳೆಗೆ ಹೋಗುವವರು ನಿಲ್ಲುತ್ತಿದ್ದರು, ಬಗ್ಗುತ್ತಿದ್ದರು, "ಅದಾವಾ ಇಲ್ವಾ?" ಎಂದು ಕೇಳುತ್ತಿದ್ದರು.

ಸೈದಾಬೀ ನೀರೆಲ್ಲ ಚೆಲ್ಲಿ, ಬೂದಿ ಹಾಕಿ ಗಾಜು ತಿಕ್ಕಿ, ಹೊಸ ನೀರು ತುಂಬಿದಳು. ವಾರದೊಳಗೆ ಮತ್ತೆ ಹಸಿರು. ಪಟಿಕ ತಿರುವಿದಳು. ಕೊಳೆ ತಳಕ್ಕೆ ಕೂತಿತು, ಪಾಚಿ ಮಾತ್ರ ಗೋಡೆ ಬಿಡಲಿಲ್ಲ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟವು. ಹೆದರಿ ಮತ್ತೆ ನೀರು ಬದಲಾಯಿಸಿದಳು. ಮಡಕೆಯ ತಳಕ್ಕೆ ತೂತು ಕೊರೆದು, ಹಿಂಜಿದ ಹೊಸ ಹತ್ತಿ ತುಂಬಿ ನೀರು ಸೋಸಿದಳು. ಹತ್ತಿ ಹಸಿರಾಯಿತು, ನೀರು ತಿಳಿಯಾಯಿತು, ಕಿಟಕಿಯಲ್ಲಿಟ್ಟ ಮೇಲೆ ನೀರೂ ಹಸಿರಾಯಿತು. ಸುಬಾನಸಾಬನಿಗೆ ಹೊಟ್ಟೆ ಉರಿದದ್ದು ಹತ್ತಿಗೆ.

"ಒಂದು ತಲೆದಿಂಬಿನ ಹತ್ತಿ ಹೋತಲ್ಲೇ."

"ಹೋಗ್ಲಿ. ನಿಮ್ಮ ಮಗಳ ಮದುವೆ ಹೋಗೋದಕ್ಕಿಂತ ವಾಸಿ."

"ಮೀನಿಗೂ ಮದುವೆಗೂ ಏನೇ ಸಂಬಂಧ?"

"ನಿಮಗೆ ತಿಳಿಯಲ್ಲ ಸುಮ್ನಿರ್ರಿ. ಅವ್ರು ಮಕ್ಕಳಿದ್ದಂಗೆ ಅಂದವ್ರೆ. ಮಕ್ಕಳನ್ನ ಚರಂಡಿ ನೀರಾಗೆ ಇಟ್ಟವಳೆ ಅಂತಾರೆ ನಾಳೆ."

ರಾತ್ರಿ ಮಲಗಿದರೂ ಕಣ್ಣು ಮುಚ್ಚಿದರೆ ಹಸಿರೇ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಕಿಟಕಿಗೆ ಓಡುತ್ತಿದ್ದಳು. ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿದ್ದರೂ ಒಮ್ಮೆ ಹೋಗಿ ಇಣುಕಿ ಬರುತ್ತಿದ್ದಳು. "ಅಮ್ಮ, ನೀನು ನೋಡಿದಷ್ಟಕ್ಕೂ ಅದು ಬೆಳೀತೈತೆ" ಎಂದು ನಜೀರಾ ನಕ್ಕರೆ, "ನಗು ನಗು, ಮನೇಲೇ ಉಳ್ಕೊಂಡು ನಗು" ಎಂದು ಬೈಯುತ್ತಿದ್ದಳು.

ಉಪಾಯ ಕೊಟ್ಟವಳು ಗಾದ್ರಮ್ಮ. ಅವಳ ತವರು ಮಳೆ ಕಾಣದ ಜಗಳೂರು ಕಡೆಯ ಬಿಳಿಚೋಡು. ನೀರಿನ ವಿಷಯಕ್ಕೆ ಬಂದರೆ ಆ ಕಡೆಯವರು ಹೊನ್ನಾಳಿಯ ಹೊಳೆದಂಡೆಯವರ ಮಾತು ಕೇಳುವುದಿಲ್ಲ.

"ನಿಮಗೆ ಹೊಳೆ ಐತೆ, ನೀರು ಕಾಪಾಡೋದು ಗೊತ್ತಿಲ್ಲ ಸೈದಕ್ಕ. ನಮ್ಮೂರಾಗೆ ನೀರು ಸಿಕ್ತು ಅಂದ್ರೆ ತಾಮ್ರದ ಹಂಡೇಗೆ ತುಂಬ್ತೀವಿ. ವಾರ ಇಟ್ರೂ ಒಂದೆಳೆ ಪಾಚಿ ಕಟ್ಟಾಕಿಲ್ಲ. ತಾಮ್ರ ಹಾಕು."

ಈ ಮಾತಿನಲ್ಲಿ ಸುಳ್ಳಿಲ್ಲ. ಸೈದಾಬೀಯ ಮನೆಯಲ್ಲೂ ಕುಡಿಯುವ ನೀರು ತಾಮ್ರದ ಕೊಡದಲ್ಲೇ ಇತ್ತು. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ಒಂದು ತಾಮ್ರದ ಚೊಂಬನ್ನು ತಂದು ಪೆಟ್ಟಿಗೆಯೊಳಗೆ ಮುಳುಗಿಸಿಟ್ಟಳು. ಎರಡು ದಿನಕ್ಕೆ ಗಾಜಿನ ಹಸಿರು ಕಂದು ಬಣ್ಣಕ್ಕೆ ತಿರುಗಿ ಕಿತ್ತುಬಂತು. ಗೆದ್ದೆ ಎಂದುಕೊಂಡಳು. ಗಾದ್ರಮ್ಮನಿಗೆ ಒಂದು ತಟ್ಟೆ ಶಾವಿಗೆ ಕೊಟ್ಟುಬಂದಳು. ತಟ್ಟೆ ವಾಪಸ್ಸು ಬರುವ ಹೊತ್ತಿಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಉಳಿದ ಮೂರೂ ಒಂದೇ ಪಕ್ಕಕ್ಕೆ ವಾಲಿಕೊಂಡಿದ್ದವು.

ಗಾದ್ರಮ್ಮ ತಟ್ಟೆ ಹಿಡಿದುಕೊಂಡೇ ನಿಂತಳು. "ನಾವು ತಾಮ್ರದ ನೀರು ಕುಡೀತೀವಿ, ನಮಗೇನಾಗೈತೆ?"

"ನಾವು ಕುಡೀತೀವಿ. ಅವು ಅದರಾಗೇ ಅವೆ ಕಣೇ" ಎಂದಳು ಸೈದಾಬೀ. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ. ಚೊಂಬು ಇಟ್ಟ ಕೈ ತನ್ನದೇ.

ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ, ನಜೀರಾ ಮಲಗುವ ಜಾಗದ ಪಕ್ಕ, ಒಂದು ಮಣ್ಣಿನ ಬಾನಿ ಇತ್ತು. ಅದಕ್ಕೆ ಹೊಳೆಯ ನೀರು ತುಂಬಿ ಮೂರನ್ನೂ ಬಿಟ್ಟಳು. ಸತ್ತದ್ದನ್ನು ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತಳು. ಗಾಜಿನ ಪೆಟ್ಟಿಗೆಯ ಮೇಲೆ ದುಪ್ಪಟಿ ಹೊದಿಸಿ, ಕೇಳಿದವರಿಗೆಲ್ಲ "ತೊಳೀತಿದೀವಿ" ಎಂದಳು. ಮೀನಿಗೆ ತಿನ್ನಲು ಹಾಕಲೂ ಅವಳಿಗೆ ಭಯ. ಏನು ಮುಟ್ಟಿದರೂ ಏನಾಗುವುದೋ ಎಂಬ ಭಯ. ಹಾಕದೆ ಬಿಟ್ಟಳು. ಕತ್ತಲೆ ಕೋಣೆಗೆ ಬೇರೆಯವರು ಬರುವಂತಿರಲಿಲ್ಲ, ಅವರು ಹಾಕುವುದೂ ನಿಂತಿತು.

ಮೀನು ಸಾಯಲಿಲ್ಲ. ನೆಟ್ಟಗಾದವು. ಅದಕ್ಕಿಂತ ದೊಡ್ಡದು ಅವಳಿಗೆ ಕಂಡದ್ದು ಬಟ್ಟೆ ಮಡಿಸಿಡಲು ಹೋಗಿ ಒಂದು ಸಂಜೆ ಬಾನಿಗೆ ದೀಪ ಹಿಡಿದಾಗ: ನೀರು ತಿಳಿಯಾಗಿಯೇ ಇತ್ತು. ತಳದ ಮಣ್ಣಿನ ಗೆರೆ ಕಾಣುತ್ತಿತ್ತು. ಅದೇ ಹೊಳೆಯ ನೀರು, ಅದೇ ಮೀನು, ಪಾಚಿ ಮಾತ್ರ ಇಲ್ಲ.

ಸೈದಾಬೀ ದೀಪ ಹಿಡಿದುಕೊಂಡೇ ಪಡಸಾಲೆಗೆ ಬಂದು ಕಿಟಕಿ ನೋಡಿದಳು. ಇಲ್ಲಿ ಬಿಸಿಲು ಬೀಳುತ್ತದೆ, ಅಲ್ಲಿ ಬೀಳುವುದಿಲ್ಲ. ಇಲ್ಲಿ ಊರೆಲ್ಲ ತಿನ್ನಲು ಹಾಕಿತು, ಅಲ್ಲಿ ಯಾರೂ ಹಾಕಲಿಲ್ಲ.

"ರೀ, ಕೇಳ್ರಿ. ಬಿಸಿಲು ಬಿದ್ದು, ತಿನ್ನಾಕೆ ಹಾಕಿದ್ದು ಕೊಳ್ತು, ಅದಕ್ಕೇ ಪಾಚಿ."

ಸುಬಾನಸಾಬ ಬಿಲ್ಲಿನ ತಂತಿ ಬಿಗಿಮಾಡುತ್ತಿದ್ದ. ತಲೆ ಎತ್ತಿದ.

"ಹೌದೌದು. ಹುಡುಗ್ನೂ ಹಂಗೇ ಏನೋ ಅಂದಿದ್ದ. ಬಿಸಿಲಿಗಿಡಬ್ಯಾಡ್ರಿ, ಜಾಸ್ತಿ ಹಾಕಬ್ಯಾಡ್ರಿ, ನೀರು ಎಲ್ಲಾ ಒಂದೇ ಸಲ ಚೆಲ್ಲಬ್ಯಾಡ್ರಿ ಅಂತ."

ಸೈದಾಬೀ ದೀಪ ಕೆಳಗಿಟ್ಟಳು. ಇಡದಿದ್ದರೆ ಅದು ಬೇರೆ ಎಲ್ಲಿಗಾದರೂ ಹೋಗುತ್ತಿತ್ತು.

"ಈಗ ನೆನಪಾತಾ?"

"ನೀನು ಈಗ ಕೇಳ್ದೆ."

ಮಾರನೆಯ ದಿನದಿಂದ ಗಾಜಿನ ಪೆಟ್ಟಿಗೆ ಒಳಮನೆಯ ತಣ್ಣನೆಯ ಗೋಡೆಗೆ ಸೇರಿತು. ಮಧ್ಯಾಹ್ನದ ಹೊತ್ತು ಮೇಲೆ ಒಂದು ಗೋಣಿತಾಟು. ದಿನ ಬಿಟ್ಟು ದಿನ ಚಿಟಿಕೆಯಷ್ಟು ಹಿಟ್ಟು, ಅದನ್ನು ತಿಂದು ಮುಗಿಸುವವರೆಗೆ ಕಾವಲು. ಉಳಿದರೆ ತೆಗೆದು ಹೊರಗೆ. ಮೇಲಿಂದ ಸ್ವಲ್ಪ ನೀರು ತೆಗೆದು, ಹಿಂದಿನ ದಿನವೇ ತಂದಿಟ್ಟ ನೀರು ಅಷ್ಟೇ ಸೇರಿಸುವುದು. ಗಾಜಿಗೆ ಹಸಿರು ಕಂಡರೆ ಹತ್ತಿಯ ಉಂಡೆಯಲ್ಲಿ ಒರೆಸುವುದು. ಮೀನು ನಿಚ್ಚಳವಾಗಿ ಕಂಡವು.

ಊರಿಗೆ ಮಾತ್ರ ಸಿಟ್ಟು ಬಂತು. ಕಿಟಕಿಯಲ್ಲಿ ತೋರಿಸಿದ್ದನ್ನು ಒಳಗೆ ಸೇರಿಸಿದರೆ ಸುಮ್ಮನಿರುತ್ತಾರೆಯೇ? ಮಂಡಕ್ಕಿ ಹಿಡಿದುಕೊಂಡು ಬಂದವರನ್ನು ಬಾಗಿಲಲ್ಲೇ ತಡೆದು, "ನೋಡ್ರಿ, ಹಾಕಬ್ಯಾಡ್ರಿ" ಎಂದರೆ ಮುಖ ಕೆಡಿಸಿಕೊಂಡು ಹೋದರು. ಗಾದ್ರಮ್ಮ ಮುಖದ ಮೇಲೇ ಹೇಳಿದಳು.

"ನಾವು ಹಾಕಿದ್ದು ತಿಂದ್ರೆ ನಿನ್ನ ಬೀಗರ ಮಕ್ಕಳಿಗೆ ಜಾತಿ ಕೆಡ್ತದೇನೇ?"

"ಜಾತಿ ಅಲ್ಲ ಮಾರಾಯ್ತಿ, ನೀರು ಕೆಡ್ತದೆ."

"ಬೊಂಬಾಯಿ ಅಳಿಯ ಬಂದ, ಮಾತೂ ಬಂತು" ಎಂದು ಗಾದ್ರಮ್ಮ ಸೆರಗು ಕೊಡವಿ ಹೋದಳು. ಹೋದವಳು ಸಂಜೆಗೆ ಮತ್ತೆ ಬಂದಳು, ಅದು ಬೇರೆ.

ಅಷ್ಟರಲ್ಲಿ ನ್ಯಾಮತಿ ಸಂತೆಗೆ ಹೊರಟಿದ್ದ ಚನ್ನಗಿರಿಯ ಬಳೆಗಾರನೊಬ್ಬ ಬಾಗಿಲಲ್ಲಿ ನಿಂತು ಸುದ್ದಿ ಹೇಳಿಹೋದ. ನಾಳಿದ್ದು ದಿಲ್‌ಶಾದ್ ಬೇಗಂ ಬರುತ್ತಾರೆ, ಮದುವೆಯ ದಿನ ಗೊತ್ತುಮಾಡುವುದಕ್ಕೆ. ಚಾಂದ್ ಮುಂದಿನ ತಿಂಗಳು ಊರಿಗೆ ಬರುತ್ತಾನೆ.

ಆ ಎರಡು ದಿನ ಸೈದಾಬೀಯ ಕಾಲು ನೆಲ ಕಚ್ಚಲಿಲ್ಲ. ಸುಬಾನಸಾಬ ಎಂದೂ ಇಲ್ಲದೆ ಬಿಲ್ಲು ಬಿಟ್ಟು ಎದ್ದು ಬಂದು ಹೇಳಿದ, "ಒಂದು ದಿನ ಕಿಟಕ್ಯಾಗೆ ಇಡೇ. ಒಂದು ದಿನಕ್ಕೆ ಏನಾಗ್ತದೆ? ಕೊಟ್ಟಿದ್ದನ್ನ ಮೂಲೇಗೆ ತಳ್ಳಿ ಗೋಣಿ ಹೊದಿಸವ್ರೆ ಅಂದ್ಕೊಂತಾರೆ." ಅದೂ ನಿಜವೇ. ಅವಳು ಪೆಟ್ಟಿಗೆಯ ಒಂದು ಕಡೆ ಹಿಡಿದಳು, ಅವನು ಇನ್ನೊಂದು ಕಡೆ ಹಿಡಿದ, ಹೊಸ್ತಿಲವರೆಗೆ ತಂದರು. ನೀರು ತುಳುಕಿ ಮೀನು ಬೆದರಿ ಗಾಜಿಗೆ ಬಡಿದುಕೊಂಡವು. "ಬ್ಯಾಡ, ಅಲ್ಲೇ ಇಡಾಣ" ಎಂದಳು. ಇಟ್ಟರು. ಸ್ವಲ್ಪ ಹೊತ್ತಿಗೆ "ತರಾಣ ಬರ್ರಿ" ಎಂದಳು. ಅವನು ಹೋಗಿ ಹತ್ತಿ ಬಾರಿಸತೊಡಗಿದ.

ದಿಲ್‌ಶಾದ್ ಬೇಗಂ ಬಸ್ಸಿಳಿದು ಬಂದವಳು ಮೊದಲು ನೋಡಿದ್ದು ಕಿಟಕಿಯನ್ನು. ಎತ್ತರದ ಹೆಂಗಸು, ಬುರುಖಾ ತೆಗೆದು ಕೈಗೆ ಹಾಕಿಕೊಂಡು ಜಮಖಾನದ ಮೇಲೆ ಕೂತಳು. ಶರಬತ್ತು ಮುಟ್ಟಲಿಲ್ಲ.

"ಕಿಟಕ್ಯಾಗೆ ಇಟ್ಟವ್ರೆ, ಊರೆಲ್ಲಾ ನೋಡ್ತದೆ ಅಂತ ಚನ್ನಗಿರಿ ತನಕ ಸುದ್ದಿ ಬಂದಿತ್ತು. ಖಾಲಿ ಕಾಣ್ತದೆ."

"ಒಳಗೈತ್ರಿ ಅಕ್ಕ."

"ಒಳಗ್ಯಾಕೆ? ಮುಚ್ಚಿಡೋ ವಸ್ತು ಏನೂ ಅಲ್ವಲ್ಲ ನಮ್ಮದು."

ಬೀಗತಿ ಬಂದಳೆಂದು ನೋಡಲು ಸೇರಿದ್ದ ಗಾದ್ರಮ್ಮ ಮತ್ತು ಬೀದಿಯ ನಾಲ್ಕು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೈದಾಬೀ ಮುಂದೆ ನಡೆದಳು, ಉಳಿದವರು ಹಿಂದೆ. ಗೋಣಿತಾಟು ತೆಗೆದಳು. ಮೂಲೆಯ ಆ ಮಬ್ಬಿನಲ್ಲೂ ನೀರು ಇದೆಯೋ ಇಲ್ಲವೋ ಎನ್ನುವ ಹಾಗೆ ತಿಳಿಯಾಗಿತ್ತು. ಮೂರು ಮೀನು ಬಾಲ ಬೀಸಿಕೊಂಡು ತಿರುಗಿದವು.

ದಿಲ್‌ಶಾದ್ ಬೇಗಂ ಬಗ್ಗಿ ತುಂಬ ಹೊತ್ತು ನೋಡಿದಳು. ಮುಖದಲ್ಲಿ ಸಂತೋಷ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆಮೇಲೆ ಗಾದ್ರಮ್ಮನ ಕೈಲಿದ್ದ ಮಂಡಕ್ಕಿಯ ತಟ್ಟೆಯಿಂದ ದೊಡ್ಡ ಹಿಡಿ ತೆಗೆದು ನೀರಿನ ಕಡೆ ಕೈ ಚಾಚಿದಳು.

ಸೈದಾಬೀ ಆ ಮಣಿಕಟ್ಟು ಹಿಡಿದಳು.

ಬೀಗತಿಯ ಕೈ ಹಿಡಿದು ತಡೆಯುವುದು ಎಂದರೆ ಉಣ್ಣುವವರ ತಟ್ಟೆ ಎಳೆದಂತೆ. ಬಳೆಯ ಸದ್ದೊಂದು ಆಯಿತು. ಬಾಗಿಲ ಹಿಂದೆ ನಜೀರಾ ಉಸಿರು ಹಿಡಿದದ್ದು ಸೈದಾಬೀಗೆ ಕೇಳಿಸಿತು. ಬಿಡಬೇಕು ಎಂದುಕೊಂಡಳು, ಬೆರಳು ಬಿಡಲಿಲ್ಲ.

"ನನ್ನ ಕೈ ಹಿಡಿದ್ರಿ" ಎಂದಳು ದಿಲ್‌ಶಾದ್ ಬೇಗಂ.

"ಹಿಡಿದೆ ರೀ. ತಪ್ಪು ಅಂದ್ರೆ ತಪ್ಪು. ನೀವು ಉಣ್ರಿ, ಬೇಕಾದ್ದು ಮಾಡಿ ಹಾಕ್ತೀನಿ. ಇವಕ್ಕೆ ಹಾಕಬ್ಯಾಡ್ರಿ. ಹಾಕಿ ಹಾಕಿ ನೀರು ಹಸಿರಾತು. ಹಸಿರು ತೆಗ್ಯಾಕೆ ಹೋಗಿ ಒಂದನ್ನ ನಾನೇ ಕೊಂದೆ. ತಾಮ್ರ ಇಟ್ಟೆ, ಸತ್ತೋತು. ಇರೋದು ಮೂರೇ. ಸಂಬಂಧ ಬ್ಯಾಡ ಅಂದ್ರೆ ಈಗ್ಲೇ ಹೇಳ್ಬಿಡ್ರಿ, ಇನ್ನೊಂದ್ಸಲ ಬಟ್ಟೆ ತೆಗಿಯೋ ತನಕ ಕಾಯಾಕೆ ನನ್ನ ಕೈಲಾಗಲ್ಲ."

ದಿಲ್‌ಶಾದ್ ಬೇಗಂ ಹಿಡಿಯಲ್ಲಿದ್ದ ಮಂಡಕ್ಕಿಯನ್ನು ತಟ್ಟೆಗೆ ವಾಪಸ್ಸು ಹಾಕಿದಳು. ಹೆಂಗಸರ ಕಡೆ ತಿರುಗಿ, "ಸ್ವಲ್ಪ ನಮ್ಮಿಬ್ರನ್ನ ಬಿಡ್ರಿ" ಎಂದಳು. ಅವರು ಹೋದರು. ಗಾದ್ರಮ್ಮ ಎಲ್ಲರಿಗಿಂತ ನಿಧಾನಕ್ಕೆ ಹೋದಳು.

"ನಮ್ಮವು ಹೋದ್ವು" ಎಂದಳು ದಿಲ್‌ಶಾದ್ ಬೇಗಂ. "ನಾಲ್ಕೂ."

ಸೈದಾಬೀ ಗೋಣಿತಾಟು ಕೆಳಗಿಟ್ಟಳು.

"ನಮ್ಮವೂ ಹಸಿರಾಗಿದ್ವು. ಅಂಗಳದಾಗೆ ಇಟ್ಟಿದ್ದೆ. ಬಂದೋರು ಹೋದೋರು ಎಲ್ಲಾ ಹಾಕಿದ್ರು. ನಾನು ಸುಣ್ಣ ಹಾಕ್ದೆ. ಚಾಂದ್ ಹೇಳಿದ್ದ, ಅವ್ನು ಮೊದ್ಲಿಂದ ಹಂಗೇ, ಒಂದೇ ಉಸಿರಿಗೆ ಹೇಳ್ತಾನೆ, ಯಾವುದು ನೆನಪಿರ್ತದೆ? ಈಗ ಅವ್ನು ಕೇಳಿದಾಗೆಲ್ಲ ಚೆನ್ನಾಗವೆ ಅಂತ ಹೇಳಿ ಕಳಿಸ್ತೀನಿ."

"ಯಾ ಅಲ್ಲಾ."

"ನಿಮ್ಮವೂ ಸತ್ತಿರ್ತಾವೆ, ಜಗಳ ತೆಗ್ಯಾಣ ಅಂತಾನೇ ಬಂದೆ ಇವತ್ತು. ಜಗಳ ಆದ್ರೆ ನಮ್ಮ ಮೀನಿನ ಸುದ್ದಿ ಯಾರೂ ಕೇಳಲ್ಲ ನೋಡ್ರಿ. ಹೇಳಾಕೆ ನಾಚ್ಕೆ ಆಗ್ತದೆ, ಆದ್ರೂ ಹೇಳ್ತೀನಿ. ದಾರಿಯುದ್ದಕ್ಕೂ ಬಸ್ಸಿನಾಗೆ ಮಾತು ಜೋಡಿಸ್ಕೊಂತಾ ಬಂದೆ."

ಸೈದಾಬೀಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದರ ಹಿಂದೆಯೇ ನಗು ನುಗ್ಗಿ ಬಂತು. ಕೆರೆಬಿಳಚಿಯವರೂ ಏನು ಕಳೆದುಕೊಂಡು ನಕ್ಕಿದ್ದರೋ ಯಾರಿಗೆ ಗೊತ್ತು.

"ಒಂದೆರಡು ಕೊಡ್ರಿ ನನಗೆ. ಅವ್ನು ಬರೋಷ್ಟರಾಗೆ ನಮ್ಮ ಪೆಟ್ಟಿಗ್ಯಾಗೆ ಬಿಟ್ಟಿರ್ತೀನಿ."

"ಕೊಡಲ್ಲ ಅಕ್ಕ. ಈ ಬಿಸಿಲಿಗೆ ಬಸ್ಸಿನಾಗೆ ಉಳಿಯಲ್ಲ ಅವು. ಉಳಿದ್ರೂ ನೀವು ತಿನ್ನಾಕೆ ಹಾಕ್ತೀರಿ. ಮಗನಿಗೆ ಹೇಳ್ಬಿಡ್ರಿ ಸತ್ತೋದ್ವು ಅಂತ. ತಾಯಿಗೆ ಬೈತಾನೇನು?"

"ಬೈಯಲ್ಲ, ನಗ್ತಾನೆ. ಅದಕ್ಕಿಂತ ಬೈಯೋದೇ ವಾಸಿ." ಗಾಜಿನ ಮೇಲೆ ಬೆರಳಾಡಿಸಿದಳು. "ಹಿಂಗೆ ಮಾಡಾಣ. ಎರಡು ಕಡೆ ಯಾಕೆ ಅಂತ ನಮ್ಮವನ್ನೂ ನಿಮ್ಮ ಪೆಟ್ಟಿಗೇಗೇ ಸೇರಿಸಿದ್ವಿ ಅಂತ ಹೇಳಾಣ. ಮದುವೆ ಆದ್ಮೇಲೆ ಪೆಟ್ಟಿಗೆ, ಮೀನು, ಹುಡುಗಿ, ಮೂರೂ ಒಟ್ಟಿಗೆ ನಮ್ಮನೇಗೆ ಬರ್ಲಿ. ನೋಡ್ಕೊಳ್ಳೋದು ನಿಮ್ಮ ಹುಡುಗೀಗೆ ಗೊತ್ತೈತಲ್ಲ?"

"ನನಗಿಂತ ಚೆನ್ನಾಗಿ. ನೀವು ಹಾಕಾಕೆ ಹೋದ್ರೆ ಕೈ ಹಿಡಿಯೋದೂ ಗೊತ್ತೈತೆ ಈಗ."

"ಹಿಡೀಲಿ. ಮನ್ಯಾಗೆ ನನ್ನ ಕೈ ಹಿಡಿಯೋರು ಯಾರೂ ಇಲ್ಲ, ಅದೇ ತೊಂದ್ರೆ ಆಗಿದ್ದು."

"ಎಂಟು ಮೀನು ಸೇರಿ ಮೂರು ಹೆಂಗಾದ್ವು ಅಂತ ಅಳಿಯ ಕೇಳಿದ್ರೆ?"

"ಮದುವೆ ಗಲಾಟ್ಯಾಗೆ ಯಾವನು ಎಣಸ್ತಾನೆ? ದಿನ ಬೇಗ ಗೊತ್ತು ಮಾಡಾಣ. ಅವ್ನು ಬಂದ ವಾರಕ್ಕೇ ಇಟ್ಕೊಳಾಣ, ಉಸಿರು ಬಿಡಾಕೂ ಬಿಡಬಾರದು." ಬಾಗಿಲ ಕಡೆ ನೋಡಿ, "ಶರಬತ್ತು ಕೊಡ್ರಿ ಈಗ" ಎಂದಳು.

ಶರಬತ್ತಾಯಿತು, ಊಟವಾಯಿತು, ದಿನ ಗೊತ್ತಾಯಿತು, ಎಲೆಯಡಿಕೆಯಾಯಿತು. ಸುಬಾನಸಾಬ ಬೀಗತಿಯನ್ನು ಸಂಜೆಯ ಬಸ್ಸಿಗೆ ಹತ್ತಿಸಲು ಹೋದ. ಗಾದ್ರಮ್ಮ ಮೂರು ಸಲ ಬಂದು ಮೂರು ಥರ ಕೇಳಿದರೂ ಒಳಗೆ ಏನು ಮಾತಾಯಿತೆಂದು ಸೈದಾಬೀ ಬಾಯಿಬಿಡಲಿಲ್ಲ. ದಿನ ಗೊತ್ತಾಯಿತು ಎಂದಷ್ಟೇ ಹೇಳಿದಳು. ನಜೀರಾ ತಟ್ಟೆ ಎತ್ತುತ್ತಿದ್ದಳು, ತುಟಿಯಲ್ಲಿ ನಗು ಅಡಗಿಸಿಕೊಂಡು.

"ಕೂತ್ಕೊ ಅಮ್ಮ ಇನ್ನಾದ್ರೂ. ಎಲ್ಲಾ ಸರಿಯಾತಲ್ಲ."

ಸೈದಾಬೀ ಕೂತಳು. ಪೂರ್ತಿ ಕೂತಳು, ಗೋಡೆಗೆ ಬೆನ್ನು ಕೊಟ್ಟು. ಬಿಲ್ಲು ಸುಮ್ಮನಿದ್ದ ಮನೆಯಲ್ಲಿ ಒಳಗಿನ ಮೀನು ನೀರು ಕಲಕಿದ ಸದ್ದೂ ಕೇಳುವಂತಿತ್ತು. ಒಂದು ಎಲೆ ಮಡಿಸಿ ಬಾಯಿಗಿಡುವಷ್ಟರಲ್ಲಿ ಎದ್ದು ನಿಂತಳು.

"ಅಲ್ಲ ಕಣೇ, ನೀರು ತುಂಬಿದ ಗಾಜಿನ ಪೆಟ್ಟಿಗೇನ ಚನ್ನಗಿರಿ ತನಕ ಹೆಂಗೆ ಒಯ್ಯೋದು? ಗಾಡ್ಯಾಗೆ ಇಟ್ರೆ ಕುಲುಕಿ ಒಡೀತದೆ. ಬಸ್ಸಿನವ್ನು ಮೇಲೆ ಹಾಕು ಅಂತಾನೆ. ಮದುಮಗಳು ತೊಡೆ ಮ್ಯಾಲೆ ಇಟ್ಕೊಂಡು ಕೂರಾಕೆ ಆಗ್ತದಾ? ಹೇಳು, ಆಗ್ತದಾ?"

ಉತ್ತರಕ್ಕೆ ಕಾಯದೆ, ಪೆಟ್ಟಿಗೆಯ ಉದ್ದ ಅಳೆಯಲು ಸೀರೆಯ ಸೆರಗು ಬಿಚ್ಚಿಕೊಳ್ಳುತ್ತ ಒಳಗೆ ಹೋದಳು.